ಕಾಲೇಜಿನ ಮೆಟ್ಟಿಲೇರುವ ಮುನ್ನ ಕಾರ್ಡಿನ ಉದ್ರಿ ತೀರಲಿ

ಕಿರಾಣಿ ಅಂಗಡಿಯ ಉದ್ರಿ ಖಾತೆ ನಮಗೆಲ್ಲ ಗೊತ್ತಿದ್ದದ್ದೇ. ಪಗಾರ ಬಂದ ಕೂಡಲೇ ಚುಕ್ತಾ ಮಾಡದಿದ್ದರೆ ಅಂಗಡಿಯವರು ಮುಖ ಗಂಟು ಹಾಕುತ್ತಾರೆ. ನಮಗೂ ನಾಚಿಕೆಯಾಗಿ ಕೊಟ್ಟುಬಿಡುತ್ತೇವೆ. ಆದರೆ ಮುಖವನ್ನೇ ತೋರಿಸದ, "ಸದ್ಯ ಸ್ವಲ್ಪ ಕೊಟ್ಟರೆ ಸಾಕು" ಎಂದು ನಯವಾಗಿ ಹೇಳುವ ಇನ್ನೊಂದು ಉದ್ರಿ ನಮ್ಮ ಮಕ್ಕಳ ಕೈಸೇರಿದೆ. ಅದೇ ಕ್ರೆಡಿಟ್ ಕಾರ್ಡ್. ಸೋದರಿಯರೇ, ಇದು ದೊಡ್ಡ ಊರಿನವರ ಮಾತು ಎಂದು ಪುಟ ತಿರುವಬೇಡಿ. ಇಂಡಿಯ ನಮ್ಮ ಮನೆಗೇ ಇದು ಬಂದಿತ್ತು.

ನನ್ನ ಮಗಳು ಬಿ.ಎಸ್ಸಿ. ಮುಗಿಸಿ ಬೆಂಗಳೂರಿನಲ್ಲಿ ಹತ್ತು ತಿಂಗಳು ಕೆಲಸ ಮಾಡಿದಳು. ಪಗಾರದ ಖಾತೆಯ ಜೊತೆಗೇ ಒಂದು ಕಾರ್ಡು ಬಂತು. ಒಂದು ಫೋನು, ನಾಲ್ಕು ಡ್ರೆಸ್ಸು, ಗೆಳತಿಯ ಅಡಚಣೆಗೆಂದು ಎಟಿಎಂನಿಂದ ತೆಗೆದ ನಗದು, ಹೀಗೆ ಬೆಳೆಯಿತು. ಆಮೇಲೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುವ ಆಸೆಯಿಂದ ಕೆಲಸ ಬಿಟ್ಟು ಬಂದಳು. ಪಗಾರ ನಿಂತಿತು, ಕಾರ್ಡಿನ ಬಾಕಿ ನಿಲ್ಲಲಿಲ್ಲ.

ಒಂದು ರಾತ್ರಿ ಊಟಕ್ಕೆ ಏಳದೆ ಕೂತಿದ್ದಳು. ಯಾಕೆಂದು ಕೇಳಿದರೆ, "ಅವ್ವಾ, ಈ ವರ್ಷ ಕಾಲೇಜು ಬ್ಯಾಡ. ಇನ್ನೊಂದು ವರ್ಷ ದುಡೀತೀನಿ" ಎಂದು ಅತ್ತಳು. ಬಾಕಿ 30,000 ರೂಪಾಯಿ ಇತ್ತು. "ತಿಂಗಳಾ ಒಂದೂವರೆ ಸಾವಿರ ತುಂಬೀನಿ. ಆದ್ರೂ ಕಡಿಮಿನೇ ಆಗವಲ್ದು" ಎಂದಳು.

ಲೆಕ್ಕ ಹಾಕಿ ನೋಡಿದಾಗ

ಬೈಯುವ ಮನಸ್ಸಾಯಿತು. ಆದರೆ ಬೈದರೆ ಬಡ್ಡಿ ಕಡಿಮೆಯಾಗುತ್ತದೆಯೇ? ಹಾಲಿನ ಲೆಕ್ಕದ ವಹಿಯನ್ನೇ ತೆಗೆದು ಇಬ್ಬರೂ ಕೂತೆವು. ಅವಳ ಕಾರ್ಡಿಗೆ ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ. ಅಂದರೆ ವರ್ಷಕ್ಕೆ ನಲವತ್ತೆರಡು! 30,000 ರೂಪಾಯಿಗೆ ತಿಂಗಳ ಬಡ್ಡಿ 1,050. ಆ ಬಡ್ಡಿಯ ಮೇಲೆ ನೂರಕ್ಕೆ ಹದಿನೆಂಟರಂತೆ ಜಿಎಸ್‌ಟಿ 189. ಎರಡೂ ಸೇರಿ 1,239. ಅವಳು ತುಂಬಿದ 1,500ರಲ್ಲಿ ಅಸಲಿಗೆ ಹೋದದ್ದು ಬರೇ 261 ರೂಪಾಯಿ ನೋಡ್ರಿ. ಹೀಗೆಯೇ ಒಂದು ವರ್ಷ 18,000 ತುಂಬಿದರೂ ಇಳಿಯುವ ಸಾಲ ಸುಮಾರು 4,000 ಮಾತ್ರ.

"ಕನಿಷ್ಠ ಮೊತ್ತ" ಎಂಬ ಆ ಸಿಹಿ ಮಾತಿನ ಅರ್ಥ ಇಷ್ಟೇ. ದಂಡ ತಪ್ಪುತ್ತದೆ, ಸಾಲ ತಪ್ಪುವುದಿಲ್ಲ. ಬಾಕಿ ಉಳಿಸಿಕೊಂಡವರಿಗೆ ಬಡ್ಡಿಯಿಲ್ಲದ ದಿನಗಳ ಸವಲತ್ತೂ ಹೋಗುತ್ತದೆ. ಹೊಸದಾಗಿ ಕೊಂಡ ಸೋಪಿಗೂ ಕೊಂಡ ದಿನದಿಂದಲೇ ಬಡ್ಡಿ. ಕಾರ್ಡು ಹಾಕಿ ಎಟಿಎಂನಿಂದ ನಗದು ತೆಗೆದರಂತೂ ಬೇರೆ ಶುಲ್ಕ, ಮೇಲೆ ಮೊದಲ ದಿನದಿಂದಲೇ ಬಡ್ಡಿ. ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ಬಡ್ಡಿ ಅನ್ಯಾಯವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಆದ್ದರಿಂದ ನಮ್ಮ ಎಚ್ಚರ ನಮಗೇ ಇರಬೇಕು.

ನಾವು ಮಾಡಿದ ಉಪಾಯ

ಪ್ರವೇಶ ಶುಲ್ಕಕ್ಕೆಂದು ತೆಗೆದಿಟ್ಟ ರೊಕ್ಕದಲ್ಲಿ ಕಾರ್ಡು ತೀರಿಸೋಣ ಎಂದರು ನಮ್ಮ ಯಜಮಾನರು. ಶುಲ್ಕವನ್ನೇ ಕಾರ್ಡಿನಲ್ಲಿ ತುಂಬಿದರಾಯಿತು ಎಂದಳು ಮಗಳು. ಎರಡೂ ಬೇಡವೆಂದೆ. ಮೊದಲನೆಯದರಿಂದ ಸೀಟು ಹೋಗುತ್ತದೆ, ಎರಡನೆಯದರಿಂದ ಸಾಲ ಇಮ್ಮಡಿಯಾಗುತ್ತದೆ.

ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ. ಅಲ್ಲಿ 30,000 ತೆಗೆದು ಕಾರ್ಡಿನ ಬಾಕಿಯನ್ನು ಒಂದೇ ಸಲ ತುಂಬಿದೆವು. ಸಂಘಕ್ಕೆ ತಿಂಗಳಿಗೆ 3,000 ಕಟ್ಟಿದರೆ ಹನ್ನೊಂದು ಕಂತಿಗೆ ಮುಗಿಯುತ್ತದೆ. ಬಡ್ಡಿ ಒಟ್ಟು ಎರಡು ಸಾವಿರದೊಳಗೆ. ಅರ್ಧ ನನ್ನ ಹೊಲಿಗೆಯ ದುಡಿಮೆ, ಅರ್ಧ ಮಗಳು ಹೇಳುವ ಟ್ಯೂಷನ್ನು. ಸಿಂದಗಿಯ ನಮ್ಮ ಅಕ್ಕ ಮಗನ ಕಾರ್ಡಿಗಾಗಿ ಬ್ಯಾಂಕಿನಲ್ಲಿ ಬಂಗಾರವಿಟ್ಟು ಸಾಲ ತೆಗೆದಳು. ಅದೂ ಕಾರ್ಡಿಗಿಂತ ಎಷ್ಟೋ ಅಗ್ಗ. ಆದರೆ ಕಂತು ತಪ್ಪಿದರೆ ಬಂಗಾರ ಹೋಗುತ್ತದೆ ಎಂಬುದು ನೆನಪಿರಲಿ.

ಕಾರ್ಡು ಮುಚ್ಚುವ ಕ್ರಮ

ಬಾಕಿ ತುಂಬಿದ ಮಾತ್ರಕ್ಕೆ ಮುಗಿಯಲಿಲ್ಲ. ಮುಂದಿನ ತಿಂಗಳು ನಡುವಿನ ದಿನಗಳ ಚಿಲ್ಲರೆ ಬಡ್ಡಿ ಬಂದೀತು. ಅದನ್ನೂ ತುಂಬಿ. ಕಾರ್ಡಿನಿಂದ ತಾನಾಗಿ ಕಡಿತವಾಗುವ ಚಂದಾಗಳಿದ್ದರೆ ನಿಲ್ಲಿಸಿ. ಆಮೇಲೆ ಕಾರ್ಡು ಮುಚ್ಚಿರೆಂದು ಬ್ಯಾಂಕಿಗೆ ಲಿಖಿತವಾಗಿ ಕೇಳಿ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ, ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ನಿಮಗೆ ಕೊಡಬೇಕು. ಬಾಕಿಯಿಲ್ಲವೆಂಬ ಪತ್ರ ಪಡೆದು, ಕಾರ್ಡನ್ನು ಕತ್ತರಿಯಿಂದ ತುಂಡರಿಸಿ.

ಗಡುವು ಮುಗಿದು ಮೂರು ದಿನ ದಾಟುವವರೆಗೆ ತಡದ ದಂಡ ಹಾಕುವಂತಿಲ್ಲ. ಕೇಳದೆ ಕಾರ್ಡು ಕೊಡುವಂತಿಲ್ಲ. ಬ್ಯಾಂಕಿಗೆ ದೂರು ಕೊಟ್ಟು ಮೂವತ್ತು ದಿನವಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ವಿಚಾರಿಸಲು 14448ಕ್ಕೆ ಫೋನು ಮಾಡಬಹುದು.

ಓದಿನ ಖರ್ಚಿಗೆ ಓದಿನ ಸಾಲ

ಮುದ್ದೇಬಿಹಾಳದ ನನ್ನ ನಾದಿನಿ ಕೇಳಿದಳು, "ವೈನಿ, ಹಂಗಾದ್ರ ಫೀ ಎಲ್ಲಿಂದ ತುಂಬೋದು?" ಮೊದಲು ಸರ್ಕಾರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ತಾಣದಲ್ಲಿ ಅರ್ಜಿ ಹಾಕಿಸಿ. ಸಾಲದಿದ್ದರೆ ಬ್ಯಾಂಕಿನ ಶಿಕ್ಷಣ ಸಾಲವಿದೆ. ವಿದ್ಯಾಲಕ್ಷ್ಮಿ ತಾಣದಲ್ಲಿ ಕೇಳಬಹುದು. ಅದರ ಮರುಪಾವತಿಗೆ ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದವರೆಗೆ ಬಿಡುವು ಸಿಗುತ್ತದೆ. ಕಾರ್ಡಿಗೆ ಆ ಕರುಣೆ ಎಲ್ಲಿಯದು?

ಇನ್ನೊಂದು ಮಾತು. ಕಾರ್ಡಿನ ಕಂತು ತಪ್ಪಿಸಿದ್ದು ಸಿಬಿಲ್‌ನಂಥ ಸಂಸ್ಥೆಗಳ ದಾಖಲೆಗೆ ಹೋಗುತ್ತದೆ. ಶಿಕ್ಷಣ ಸಾಲ ಕೇಳಿದಾಗ ಬ್ಯಾಂಕಿನವರು ಅದನ್ನು ನೋಡುತ್ತಾರೆ. ಜೊತೆಗೆ ಸಹಿ ಹಾಕುವ ತಂದೆ ತಾಯಿಯ ದಾಖಲೆಯನ್ನೂ ನೋಡುತ್ತಾರೆ. ಆದ್ದರಿಂದಲೇ ಕಾಲೇಜಿಗೆ ಮುನ್ನ ಕಾರ್ಡು ತೀರಲಿ ಎನ್ನುವುದು.

ಬಸವನ ಬಾಗೇವಾಡಿಯ ನಮ್ಮ ಚಿಕ್ಕಮ್ಮ ಇದೆಲ್ಲ ಕೇಳಿ, "ಹಾಸಿಗಿ ಇದ್ದಷ್ಟು ಕಾಲು ಚಾಚಬೇಕವಾ" ಎಂದರು. ಮಾತು ನಿಜ. ಆದರೆ ಕಾಲು ಚಾಚಿದ ಮಕ್ಕಳು ಹೆದರಿ ಮುಚ್ಚಿಡದೆ ತಾಯಿಗೆ ಹೇಳುವಂತಿರಬೇಕು. ನನ್ನ ಮಗಳು ಆ ರಾತ್ರಿ ಬಾಯಿ ಬಿಡದಿದ್ದರೆ ಅವಳ ಒಂದು ವರ್ಷ ಹೋಗುತ್ತಿತ್ತು. ಈಗ ಹಾಸ್ಟೆಲಿನಲ್ಲಿದ್ದಾಳೆ. ಪ್ರತಿ ರವಿವಾರ ಫೋನಿನಲ್ಲಿ ಮೊದಲು ಊಟದ ಸುದ್ದಿ, ಆಮೇಲೆ ಖರ್ಚಿನ ಲೆಕ್ಕ. ಇವತ್ತು ಸಂಜೆ ನಿಮ್ಮ ಮಕ್ಕಳನ್ನೂ ಹತ್ತಿರ ಕೂಡ್ರಿಸಿಕೊಂಡು ಕೇಳಿ ನೋಡಿ. ಕೇಳುವಾಗ ಮಾತ್ರ ಬೈಯಬೇಡಿ.