ಹಿಮದಲ್ಲಿ ಜಾರುವ ಮಗುವಿಗೆ ಬೂಟು ಕೊಳ್ಳುವ ಮುನ್ನ

ಜೂನ್ ತಿಂಗಳಲ್ಲಿ ನಮಗೆ ಸ್ಕೂಲ್ ಶೂ ಕೊಡಿಸುವಾಗ ನಮ್ಮಮ್ಮ ಅಂಗಡಿಯವನಿಗೆ ಹೇಳುತ್ತಿದ್ದ ಮಾತು ಒಂದೇ: "ಬೆಳೆಯೋ ಮಕ್ಕಳು, ಒಂದು ಸೈಜು ದೊಡ್ಡದೇ ಕೊಡಪ್ಪ." ತುದಿಗೆ ಹತ್ತಿ ತುರುಕಿಕೊಂಡು ಎರಡು ವರ್ಷ ಓಡಾಡುತ್ತಿದ್ದೆವು. ನಿಮ್ಮ ಮನೆಯಲ್ಲೂ ಇದೇ ಪದ್ಧತಿ ಇದ್ದೀತು. ನನ್ನ ಮಕ್ಕಳಿಗೆ ನಾನೂ ಹಾಗೇ ಮಾಡಿದೆ, ಯಾರಿಗೂ ಏನೂ ಆಗಲಿಲ್ಲ. ಆದರೆ ಈ ಜಾಣತನ ಎಲ್ಲ ಕಡೆ ನಡೆಯುವುದಿಲ್ಲ ಅಂತ ಗೊತ್ತಾದದ್ದು ಹೋದ ಚಳಿಗಾಲದಲ್ಲಿ, ಅಮೆರಿಕದ ಡೆನ್ವರ್‌ನಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ.

ಡೆನ್ವರ್ ಊರು ಕೊಲರಾಡೊ ರಾಜ್ಯದಲ್ಲಿದೆ, ಪಕ್ಕದಲ್ಲೇ ರಾಕಿ ಪರ್ವತಗಳು. ನಮ್ಮ ಮಕ್ಕಳು ಸೈಕಲ್ ಕಲಿತ ಹಾಗೆ ಅಲ್ಲಿಯ ಎಷ್ಟೋ ಮಕ್ಕಳು ಸ್ಕೀ ಕಲಿಯುತ್ತಾರೆ. ಕಾಲಿಗೆ ಎರಡು ಉದ್ದನೆಯ ಪಟ್ಟಿ ಸಿಕ್ಕಿಸಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ. ತಂಗಿಯ ಮಗಳು ಪುಟ್ಟಿಗೆ ಏಳು ವರ್ಷ. "ದೊಡ್ಡಮ್ಮ, ನೀನೂ ಬಾ ನೋಡೋಕೆ" ಅಂತ ಒಂದೇ ಕುಣಿತ. ತಂಗಿ ಹಳೆಯ ಸಾಮಾನು ಮಾರುವ ಕಡೆ ಬೂಟು ಹುಡುಕಿದಳು. ಸ್ಕೀ ಬೂಟಿನ ನಂಬರೆಂದರೆ ಪಾದದ ಉದ್ದ, ಸೆಂಟಿಮೀಟರಿನಲ್ಲಿ. ಪುಟ್ಟಿಯ ಪಾದ 20. ಅಗ್ಗಕ್ಕೆ ಸಿಕ್ಕಿದ್ದು 22. "ತಗೊಳ್ಳೇ, ಎರಡು ವರ್ಷ ಬರತ್ತೆ" ಅಂದವಳು ನಾನೇ!

ಮೂರು ಜೊತೆ ಕಾಲುಚೀಲ ತೊಡಿಸಿ ಕಳಿಸಿದೆವು. ಅರ್ಧ ಗಂಟೆಯೊಳಗೆ ಮಗು ಅಳುತ್ತಾ ಬಂತು. ಬೂಟು ಬಿಚ್ಚಿ ನೋಡಿದರೆ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಚರ್ಮ ಕೆಂಪಗೆ ಉಜ್ಜಿಹೋಗಿದೆ, ಬೆರಳುಗಳು ಮಂಜಿನಷ್ಟು ತಣ್ಣಗೆ. ಹಿಮ್ಮಡಿ ಬೂಟಿನೊಳಗೇ ಎದ್ದೆದ್ದು ಬೀಳುತ್ತಿದ್ದರೆ ಕಾಲು ಒಂದು ಕಡೆ, ಸ್ಕೀ ಒಂದು ಕಡೆ. ಮಗು ತಿರುಗುವುದು ಹೇಗೆ, ನಿಲ್ಲುವುದು ಹೇಗೆ? ಕಾಲುಚೀಲ ಹೆಚ್ಚಾದಷ್ಟೂ ಬೆಚ್ಚಗೆ ಅನ್ನುವುದೂ ತಪ್ಪಂತೆ. ಒತ್ತಡಕ್ಕೆ ರಕ್ತ ಸರಿಯಾಗಿ ಓಡದೆ, ಬೆವರೂ ಸೇರಿ, ಇನ್ನೂ ತಣ್ಣಗಾಗುತ್ತದೆ.

ಮಾರನೆಯ ದಿನ ಬಾಡಿಗೆಗೆ ಸಾಮಾನು ಕೊಡುವ ಅಂಗಡಿಗೆ ಹೋದೆವು. ಅಲ್ಲಿದ್ದ ವಯಸ್ಸಾದವರು ನಮ್ಮನ್ನು ಬೈಯಲಿಲ್ಲ. ಬೂಟಿನ ಒಳಗಿನ ಮೆತ್ತನೆಯ ಭಾಗವನ್ನು ಪೂರ್ತಿ ಹೊರಗೆ ತೆಗೆದು, ಬರೀ ಗಟ್ಟಿ ಚಿಪ್ಪಿನೊಳಗೆ ಪುಟ್ಟಿಯ ಕಾಲಿಡಿಸಿದರು. ಹೆಬ್ಬೆರಳು ಮುಂದೆ ತಾಗಿದಾಗ ಹಿಮ್ಮಡಿಯ ಹಿಂದೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಜಾಗ ಉಳಿಯಬೇಕು. ನಮ್ಮ ಬೂಟಿನಲ್ಲಿ ಅವರ ಮೂರು ಬೆರಳು ಸಲೀಸಾಗಿ ಇಳಿದವು. ಈ ಪರೀಕ್ಷೆಯನ್ನು ನಾವೇ ಮಾಡಿಕೊಳ್ಳಬಹುದು, ಖರ್ಚಿಲ್ಲ. ಕಾಲುಚೀಲ ಒಂದೇ ಜೊತೆ, ತೆಳುವಾದ ಉಣ್ಣೆಯದು, ಮೊಣಕಾಲಿನವರೆಗೆ. ಪ್ಯಾಂಟಿನ ಅಂಚನ್ನು ಬೂಟಿನೊಳಗೆ ಸಿಕ್ಕಿಸಬಾರದು.

ಅಲ್ಲೇ ಇನ್ನೊಂದು ಪಾಠವಾಯಿತು. ತೂಕ ಎಷ್ಟೆಂದು ಕೇಳಿದಾಗ ತಂಗಿ "ಇಪ್ಪತ್ತೈದು ಕಿಲೋ" ಎಂದಳು. ಮಗಳು ಸಣಕಲು ಅಂತ ಯಾರೂ ಅನ್ನಬಾರದಲ್ಲ! ಅವರು ಸುಮ್ಮನೆ ತಕ್ಕಡಿ ಮೇಲೆ ನಿಲ್ಲಿಸಿದರು. 22. ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಗೆ ಬೈಂಡಿಂಗ್ ಅನ್ನುತ್ತಾರೆ. ಮಗು ಬಿದ್ದಾಗ ಅದು ತಾನಾಗಿ ಬಿಚ್ಚಿಕೊಂಡು ಕಾಲನ್ನು ಬಿಡಬೇಕು. ಎಷ್ಟು ಬಿಗಿ ಎನ್ನುವುದನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಎಷ್ಟು ಕಲಿತಿದೆ ಎಂಬುದು, ಎಲ್ಲ ನೋಡಿ ಪಟ್ಟಿಯ ಪ್ರಕಾರ ತಿರುಪು ತಿರುಗಿಸಿ ಇಡುತ್ತಾರೆ. ತೂಕ ಹೆಚ್ಚಿಗೆ ಹೇಳಿದರೆ ಬಿಗಿಯೂ ಹೆಚ್ಚಾಗುತ್ತದೆ. ಬಿದ್ದಾಗ ಬಿಚ್ಚಿಕೊಳ್ಳದೆ ಸ್ಕೀ ಜೊತೆ ಎಳೆಯ ಕಾಲೂ ತಿರುಚಿಕೊಂಡು ಮೂಳೆ ಮುರಿಯಬಹುದು. ಕೇಳಿ ನನಗೆ ಎದೆ ಧಸಕ್ಕೆಂದಿತು. ಈ ತಿರುಪಿಗೆ ಮನೆಯಲ್ಲಿ ಯಾರೂ ಕೈ ಹಾಕಬಾರದು, ಯಜಮಾನರಿಗೆ ಎಷ್ಟೇ ರಿಪೇರಿ ಹುಚ್ಚಿರಲಿ.

ಇನ್ನು ಸ್ಕೀ. ನಿಲ್ಲಿಸಿದರೆ ಹೊಸದಾಗಿ ಕಲಿಯುವ ಮಗುವಿನ ಎದೆಯಿಂದ ಗಲ್ಲದೊಳಗೆ ಬರಬೇಕು. ಉದ್ದವಿದ್ದರೆ ತಿರುಗಿಸಲಾಗದು. ಮೊದಮೊದಲು ಕೈಗೆ ಕೋಲು ಬೇಡ. ಹೆಲ್ಮೆಟ್ ಮಾತ್ರ ಬೇಕೇ ಬೇಕು, ಇ.ಎನ್. 1077 ಅಥವಾ ಎ.ಎಸ್.ಟಿ.ಎಂ. ಎಫ್ 2040 ಎಂಬ ಗುರುತಿರುವುದು. ತಲೆ ಅಲ್ಲಾಡಿಸಿದರೆ ಅದು ತಲೆಯ ಜೊತೆಗೇ ಅಲ್ಲಾಡಬೇಕು. ಒಮ್ಮೆ ಜೋರಾಗಿ ಪೆಟ್ಟು ಬಿದ್ದದ್ದನ್ನು ಹಾಕಬಾರದು, ಆದ್ದರಿಂದ ಹಳೆಯದು ಬೇಡ. ಒಳಗೆ ನಮ್ಮ ಪ್ರೀತಿಯ ಹತ್ತಿ ಬನಿಯನ್ನೂ ಬೇಡ, ಬೆವರಿಗೆ ಒದ್ದೆಯಾದರೆ ಒಣಗುವುದೇ ಇಲ್ಲ.

ಪಾದ ವರ್ಷಕ್ಕೊಂದು ಸೈಜು ಬೆಳೆಯುವಾಗ ಕೊಳ್ಳುವುದು ದಂಡ. ಅಲ್ಲಿ ಇಡೀ ಚಳಿಗಾಲಕ್ಕೆ ಬಾಡಿಗೆಗೆ ಕೊಡುತ್ತಾರೆ, ತಂಗಿ ಹಾಗೇ ತಂದಳು. ನಮ್ಮ ಗುಲ್ಮಾರ್ಗ್, ಔಲಿ, ಮನಾಲಿ ಹತ್ತಿರದ ಸೋಲಾಂಗ್‌ಗಳಲ್ಲೂ ಬಾಡಿಗೆಗೆ ಸಿಗುತ್ತವೆ. ರಜೆಗೆ ಹೋಗಿ ಮಕ್ಕಳನ್ನು ಸ್ಕೀ ಮೇಲೆ ನಿಲ್ಲಿಸುವ ಆಸೆಯಿದ್ದರೆ ಗಡಿಬಿಡಿ ಮಾಡದೆ ಬೂಟಿನ ಹಿಂದೆ ಬೆರಳಿಟ್ಟು ನೋಡಿ, ನಿಜವಾದ ತೂಕ ಹೇಳಿ.

ಪುಟ್ಟಿ ಈಗ ಅಳದೆ ಇಳಿಜಾರು ಇಳಿಯುತ್ತಾಳೆ. ಆ 22ರ ಬೂಟು ಕಪಾಟಿನ ಮೇಲಿದೆ. "ಅಳತೆ ನೋಡದೆ ಹಾಕಬೇಡ" ಅಂತ ತಂಗಿ ಅದಕ್ಕೆ ಚೀಟಿ ಅಂಟಿಸಿದ್ದಾಳೆ.