ಕೆಮ್ಮಿನ ಸಿರಪ್ ಕುಡಿದರೂ ಡ್ರಗ್ ಟೆಸ್ಟ್ ಪಾಸಿಟಿವ್!

ಮಗನಿಗೆ ಐಟಿ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಸೇರುವ ಮುಂಚೆ ಮೆಡಿಕಲ್ ಚೆಕಪ್, ಜತೆಗೆ ಮೂತ್ರದ ಡ್ರಗ್ ಟೆಸ್ಟ್. ‘ನಮ್ಮ ಹುಡುಗ ಸಿಗರೇಟೂ ಮುಟ್ಟಲ್ಲ, ಇದೆಲ್ಲ ಯಾಕಪ್ಪಾ’ ಅಂತ ನೀವು ನಕ್ಕಿರುತ್ತೀರಿ. ಆದರೆ ರಿಪೋರ್ಟಿನಲ್ಲಿ ‘ಓಪಿಯೇಟ್ ಪಾಸಿಟಿವ್’ ಎಂದು ಬಂದರೆ? ಎದೆ ಧಸಕ್ಕೆನ್ನದೆ ಇರುತ್ತದೆಯೇ?

ಅವನನ್ನು ತರಾಟೆಗೆ ತೆಗೆದುಕೊಳ್ಳುವ ಮೊದಲು ಮನೆಯ ಔಷಧಿ ಡಬ್ಬಿ ತೆಗೆದು ನೋಡಿ.

ಹೋದ ವಾರ ಒಣಕೆಮ್ಮಿಗೆ ಡಾಕ್ಟರು ಬರೆದುಕೊಟ್ಟ ಸಿರಪ್ಪಿನಲ್ಲಿ ಕೋಡೀನ್ ಇದ್ದಿರಬಹುದು. ಇದು ಅಫೀಮಿನಲ್ಲೂ ಇರುವ ವಸ್ತು. ದೇಹ ಸೇರಿದ ಮೇಲೆ ಅದರ ಸ್ವಲ್ಪ ಭಾಗ ಮಾರ್ಫಿನ್ ಆಗುತ್ತದೆ. ಕುಡಿದು ಎರಡು ಮೂರು ದಿನವಾದರೂ ಮೂತ್ರದಲ್ಲಿ ಸಿಗಬಹುದು. ಹಾಗೆಯೇ ಆತಂಕಕ್ಕೆಂದು ಕೊಡುವ ಆಲ್‌ಪ್ರಜೋಲಾಮ್ ಮಾತ್ರೆ ಬೆಂಜೊಡಯಾಜೆಪೀನ್ ಪಟ್ಟಿಯಲ್ಲಿ ಕಾಣಿಸಿಕೊಳ್ಳಬಹುದು. ಇಲ್ಲಿ ಲ್ಯಾಬಿನ ತಪ್ಪೇನಿಲ್ಲ, ಇದ್ದದ್ದನ್ನೇ ಹೇಳಿದೆ ಅಷ್ಟೆ.

ಇನ್ನು ಕೆಲವು ಮಾತ್ರೆಗಳ ಕಥೆಯೇ ಬೇರೆ. ಮದುವೆಮನೆಯಲ್ಲಿ ಹಿಂದಿನಿಂದ ಸೀರೆ ನೋಡಿ ಯಾರನ್ನೋ ‘ಅಕ್ಕಾ’ ಅಂತ ಕೂಗಿಬಿಡ್ತೀವಲ್ಲ, ಮೊದಲ ಹಂತದ ಪರೀಕ್ಷೆಯೂ ಹಾಗೇ ಮೋಸಹೋಗುತ್ತದೆ. ಸೋಂಕಿಗೆ ಕೊಡುವ ಓಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್ ಕೆಲವು ಕಿಟ್‌ಗಳಲ್ಲಿ ಓಪಿಯೇಟ್ ಎಂದು ತೋರಿಸಿದ್ದುಂಟು. ಮೂಗು ಕಟ್ಟಿದಾಗ ನುಂಗುವ ಸೂಡೋಎಫಿಡ್ರಿನ್ ಆಂಫೆಟಮೈನ್‌ನಂತೆ ಕಾಣಬಹುದು.

ಹಾಂ, ನಮ್ಮ ಗಸಗಸೆಯನ್ನು ಮರೆಯುವ ಹಾಗಿಲ್ಲ! ಹಬ್ಬದ ದಿನ ಎರಡು ಲೋಟ ಗಸಗಸೆ ಪಾಯಸ ಕುಡಿದು ಮರುದಿನ ಟೆಸ್ಟಿಗೆ ಹೋದರೂ ಮಾರ್ಫಿನ್ ಕಂಡೀತು. ಈ ಗಸಗಸೆ ಗೊಂದಲದಿಂದಲೇ ಅಮೆರಿಕದ ಸರ್ಕಾರಿ ಪರೀಕ್ಷೆಗಳಲ್ಲಿ 1998ರಲ್ಲಿ ಓಪಿಯೇಟ್ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿದರು.

ಹಾಗಾದರೆ ಏನು ಮಾಡಬೇಕು? ಕಳೆದ ಕೆಲವು ವಾರಗಳಲ್ಲಿ ತೆಗೆದುಕೊಂಡ ಔಷಧಿಗಳ ಪಟ್ಟಿ ಮಾಡಿ, ಡಾಕ್ಟರ ಚೀಟಿಯ ಜೊತೆ ಕಳಿಸಿ. ಸ್ಯಾಂಪಲ್ ಕೊಡುವಾಗಲೇ ಹೇಳಿಬಿಡುವುದು ಒಳ್ಳೆಯದು. ಪಾಸಿಟಿವ್ ಬಂದರೆ ಜಿಸಿ-ಎಂಎಸ್ ಅಥವಾ ಎಲ್‌ಸಿ-ಎಂಎಸ್ ವಿಧಾನದ ದೃಢೀಕರಣ ಪರೀಕ್ಷೆಯನ್ನು ಕೇಳಲಿ. ಆಂಟಿಬಯೋಟಿಕ್ ಯಾವುದು, ಅಫೀಮಿನ ಅಂಶ ಯಾವುದು ಎಂದು ಅದು ಬಿಡಿಸಿ ಹೇಳುತ್ತದೆ. ಆದರೆ ಕೋಡೀನ್ ವಿಷಯದಲ್ಲಿ ಆ ಪರೀಕ್ಷೆಯಿಂದ ಪ್ರಯೋಜನವಿಲ್ಲ. ಕೋಡೀನ್ ನಿಜಕ್ಕೂ ಇರುತ್ತದಲ್ಲ! ಅಲ್ಲಿ ಮಗನನ್ನು ಕಾಪಾಡುವುದು ಚೀಟಿ ಮಾತ್ರ.

ನಾವು ಎಡವುವುದು ಇಲ್ಲೇ. ಪಕ್ಕದ ಮನೆಯವರ ಉಳಿದ ಸಿರಪ್ ತಂದು ಕುಡಿಸುತ್ತೇವೆ, ಮೆಡಿಕಲ್ ಶಾಪಿನಲ್ಲಿ ಬಾಯಿಮಾತಿನಲ್ಲೇ ಮಾತ್ರೆ ಕೇಳುತ್ತೇವೆ, ಜ್ವರ ಇಳಿದ ಕೂಡಲೇ ಚೀಟಿ ಕಸದ ಬುಟ್ಟಿಗೆ. ಆಮೇಲೆ ಕಂಪನಿಯವರಿಗೆ ತೋರಿಸುವುದೇನನ್ನು?

ಹಾಗಂತ ಟೆಸ್ಟಿಗೆ ಹೆದರಿ ಫಿಟ್ಸ್, ಖಿನ್ನತೆ, ಆತಂಕದ ಮಾತ್ರೆಗಳನ್ನು ನೀವೇ ನಿಲ್ಲಿಸಿಬಿಡಬೇಡಿ. ಥಟ್ಟನೆ ಬಿಟ್ಟರೆ ಅಪಾಯ. ಬರೆದುಕೊಟ್ಟ ಡಾಕ್ಟರನ್ನೇ ಒಂದು ಮಾತು ಕೇಳಿ, ಬೇಕಿದ್ದರೆ ಕಂಪನಿಗೆ ತೋರಿಸಲು ಅವರಿಂದ ಪತ್ರವನ್ನೂ ಬರೆಸಿಕೊಳ್ಳಿ.