ದೊಡ್ಡ ವಾಲ್ವ್ ಹಾಕಿದರೆ ಎತ್ತಿದ ಭಾರ ಬೀಳುವುದಿಲ್ಲವೇ?

'ಕೌಂಟರ್‌ಬ್ಯಾಲೆನ್ಸ್ ವಾಲ್ವ್ ದೊಡ್ಡದಿದ್ದಷ್ಟೂ ಸುರಕ್ಷಿತ' ಎಂಬ ನಂಬಿಕೆ ಹಲವರಲ್ಲಿದೆ. ಇದು ತಪ್ಪು.

ಉರಿಗಾಂ ಸುತ್ತಲಿನವರಿಗೆ ಭಾರ ಹಿಡಿದಿಡುವ ಕೆಲಸ ಹೊಸದೇನಲ್ಲ. ಕೆಜಿಎಫ್ ಗಣಿಗೆ ಕಾರ್ಮಿಕರನ್ನು ಇಳಿಸುತ್ತಿದ್ದ ಕೇಜನ್ನು ಉಕ್ಕಿನ ಹಗ್ಗ, ಬ್ರೇಕ್ ಹಿಡಿದಿಡುತ್ತಿದ್ದವು. ಗಣಿ 2001ರಲ್ಲಿ ಮುಚ್ಚಿತು. ಅಲ್ಲೇ ಇರುವ ಬಿಇಎಂಎಲ್ ಕಾರ್ಖಾನೆಯ ಯಂತ್ರಗಳಲ್ಲಿ ಭಾರ ಹೊರುವುದು ಸಿಲಿಂಡರಿನೊಳಗಿನ ಎಣ್ಣೆ.

ಕ್ರೇನಿನಂಥ ಯಂತ್ರಗಳಲ್ಲಿ ಈ ವಾಲ್ವನ್ನು ಸಿಲಿಂಡರಿಗೇ ಕೂರಿಸುತ್ತಾರೆ. ಹೋಸ್ ಒಡೆದರೂ ಎಣ್ಣೆ ಒಳಗೇ ನಿಲ್ಲುತ್ತದೆ. ಇಳಿಸುವಾಗ ಎದುರು ಬದಿಯ ಒತ್ತಡ ಅದನ್ನು ತೆರೆಯುತ್ತದೆ.

ಅಳತೆ ಆರಿಸುವಾಗ ಪಂಪಿನ ಹರಿವನ್ನಷ್ಟೇ ನೋಡಿದರೆ ಎಡವುತ್ತೇವೆ. 100 ಮಿಮೀ ಸಿಲಿಂಡರ್, 70 ಮಿಮೀ ರಾಡ್ ಎಂದುಕೊಳ್ಳಿ. ರಾಡ್ ಬದಿಗೆ ನಿಮಿಷಕ್ಕೆ 60 ಲೀಟರ್ ಹೋದರೆ ಇನ್ನೊಂದು ಬದಿಯಿಂದ ಸುಮಾರು 118 ಲೀಟರ್ ಹೊರಬರುತ್ತದೆ! ರಾಡ್ ಇರುವ ಬದಿಯಲ್ಲಿ ಎಣ್ಣೆಗೆ ಜಾಗ ಕಡಿಮೆ, ಅಷ್ಟೇ. ವಾಲ್ವ್ ಹೊಂದಬೇಕಾದದ್ದು ಈ 118ಕ್ಕೆ. ಚಿಕ್ಕದಾದರೆ ಎಣ್ಣೆ ಬಿಸಿಯಾಗುತ್ತದೆ. ತೀರಾ ದೊಡ್ಡದಾದರೆ ಸ್ವಲ್ಪ ತೆರೆದರೂ ಹರಿವು ಹೆಚ್ಚಿ, ಭಾರ ಜರ್ಕ್ ಹೊಡೆಯುತ್ತಾ ಇಳಿಯುತ್ತದೆ.

ಇನ್ನು ಸೆಟ್ಟಿಂಗ್. ಇದೇ ಸಿಲಿಂಡರ್ 5 ಟನ್ ಹೊತ್ತರೆ ಒತ್ತಡ ಸುಮಾರು 62 ಬಾರ್. ಗರಿಷ್ಠ ಭಾರದ ಒತ್ತಡದ 1.3 ಪಟ್ಟು ಇಡುವುದು ರೂಢಿ. ಅಂದರೆ ಸುಮಾರು 81 ಬಾರ್. ಭಾರ ಮೇಲಿರುವಾಗ ಆ ಸ್ಕ್ರೂ ಮುಟ್ಟಲೇಬೇಡಿ.

ಸರಿಯಾದ ವಾಲ್ವ್ ಇದ್ದರೂ ಪಿಸ್ಟನ್ ಸೀಲ್ ಸವೆದರೆ ಎಣ್ಣೆ ಒಳಗೊಳಗೇ ಜಾರಿ ಭಾರ ಇಳಿಯಬಹುದು. ಅದಕ್ಕೇ ಎತ್ತಿದ ಭಾರದಡಿ ಕೈಹಾಕುವ ಮೊದಲು ಉಕ್ಕಿನ ಆಸರೆ ಕೊಡಲೇಬೇಕು.